ಹದಿನಾಲ್ಕು ಅಡಿ

ಒಂದು ವೇಳೆ ಅವತ್ತು ಹೊಳೆಯ ನೀರು ನಿಜವಾಗಿಯೂ ಅಷ್ಟೇ ಬಂದಿದ್ದರೆ? ಬಂದಿರಲೂಬಹುದು. ಬಂದಿರಲಿಲ್ಲ ಎನ್ನುವುದಕ್ಕೆ ಯಾರ ಹತ್ತಿರ ಏನಿದೆ? ಹನ್ನೊಂದು ಇದ್ದಿರಬಹುದು, ಹದಿಮೂರೂವರೆ ಇದ್ದಿರಬಹುದು, ಹದಿನೈದೇ ಇದ್ದಿರಬಹುದು. ತಾನು ಬರೆದದ್ದು ಹದಿನಾಲ್ಕು. ಬರೆದ ಕೈ ತನ್ನದು, ಅಂಕಿಯ ಬಾಲವನ್ನು ಸಾಲಿನ ಕೆಳಗೆ ಎಳೆಯುವ ಚಾಳಿಯೂ ತನ್ನದೇ. ಆದರೆ ಯಾಕೆ ಹದಿನಾಲ್ಕು? ಹನ್ನೆರಡು ಎಂದು ಬರೆದಿದ್ದರೆ ಯಾರು ಕೇಳುತ್ತಿದ್ದರು?

“ಮಾವ, ಗೋಡೆಗೆ ಒರಗಬೇಡಿ. ಬಣ್ಣ ಇನ್ನೂ ಹಸಿ ಇದೆ,” ಎಂದಳು ಸೊಸೆ ಒಳಗಿನಿಂದ. ಹೊಲಿಗೆ ಯಂತ್ರದ ಸದ್ದು ನಿಲ್ಲಲಿಲ್ಲ.

ಅಳತೆಗಾರ ಬೆನ್ನು ನೆಟ್ಟಗೆ ಮಾಡಿಕೊಂಡ. ಅವನ ಕುರ್ಚಿಯ ಹಿಂದೆ, ಮನೆಯ ಹೊರಗೋಡೆಯ ಮೇಲೆ, ಕಿಟಕಿಗಿಂತ ಒಂದು ಗೇಣು ಕೆಳಗೆ, ಅಂದು ಬೆಳಿಗ್ಗೆ ಬಳಿದ ಕೆಂಪು ಗೆರೆ ಇತ್ತು. ಅವರ ಓಣಿ ದೊಡ್ಡ ರಸ್ತೆಯಿಂದ ಹೊಳೆಯ ಕಡೆಗೆ ಇಳಿಜಾರಾಗಿ ಇಳಿಯುತ್ತದೆ. ತೀರ ಕೆಳಗಿನ ಮನೆ ಸಲೂನಿನವನದು. ಅಲ್ಲಿ ಗೆರೆ ಬಾಗಿಲ ಚೌಕಟ್ಟಿಗಿಂತ ಮೇಲಿತ್ತು. ಮೇಲೇರುತ್ತ ಬಂದಂತೆ ಅದು ಗೋಡೆಗಳಲ್ಲಿ ಕೆಳಗಿಳಿಯುತ್ತ, ಅಳತೆಗಾರನ ಮನೆ ದಾಟಿ ಮೂರನೆಯ ಮನೆಯ ಹೊಸ್ತಿಲಲ್ಲಿ ನೆಲ ಸೇರಿಬಿಟ್ಟಿತ್ತು. ಅದರ ಮೇಲಿನವರು ಉಳಿದರು. ಕೆಳಗಿನ ಮೂವತ್ತೊಂದು ಮನೆಯವರು ಖಾಲಿ ಮಾಡಬೇಕು. ಹೊಳೆಯಲ್ಲಿ ಇದುವರೆಗೆ ದಾಖಲಾದ ಅತಿ ಎತ್ತರದ ನೀರು ಎಲ್ಲಿಗೆ ಬಂದಿತ್ತೋ ಅಲ್ಲಿಯವರೆಗೆ ಯಾರೂ ಇರಕೂಡದು ಎಂದು ನದಿ ಕಚೇರಿ ತೀರ್ಮಾನಿಸಿತ್ತು. ದಾಖಲಾದದ್ದು ಹದಿನಾಲ್ಕು ಅಡಿ. ಮೂವತ್ತನಾಲ್ಕು ವರ್ಷದ ಹಿಂದೆ. ದಾಖಲಿಸಿದವನು ಅಳತೆಗಾರ. ಹನ್ನೆರಡು ಎಂದಿದ್ದರೆ ಗೆರೆ ಅವರ ಮೆಟ್ಟಿಲಿನ ಕೆಳಗೇ ನಿಲ್ಲುತ್ತಿತ್ತು.

ನಗರದ ನಡುವೆ ಹರಿಯುವ ಹೊಳೆ ಎಂದು ಮೊಮ್ಮಗಳ ಪಠ್ಯಪುಸ್ತಕದಲ್ಲಿ ಬರೆದಿದೆ. ವರ್ಷದಲ್ಲಿ ಒಂಬತ್ತು ತಿಂಗಳು ಅದು ಹರಿಯುವುದಿಲ್ಲ. ಅದರ ಪಾತ್ರದಲ್ಲಿ ಜನ ಆಚೆ ದಡಕ್ಕೆ ನಡೆದು ಹೋಗುತ್ತಾರೆ, ಆಸ್ಪತ್ರೆಯ ಹಾಸುಬಟ್ಟೆ ಒಣಗಿಸುತ್ತಾರೆ, ಗಾಡಿ ಓಡಿಸಲು ಕಲಿಯುತ್ತಾರೆ. ಆಮೇಲೆ ಒಂದು ದಿನ ಎಲ್ಲೋ ಮೇಲೆ ಮಳೆಯಾಗಿ, ಕಂದು ನೀರು ಕಸ ದೂಡಿಕೊಂಡು ಸೇತುವೆಯ ಕೆಳಗೆ ಬರುತ್ತದೆ. ಹೊಳೆ ಬಂತು ಎನ್ನುತ್ತಾರೆ, ನೆಂಟರು ಬಂದರು ಎನ್ನುವ ಹಾಗೆ. ಮೂರು ತಿಂಗಳಿದ್ದು ಹೋಗುತ್ತದೆ.

ಸೇತುವೆಯ ಕಂಬಕ್ಕೆ ಕಪ್ಪು ಬಿಳುಪು ಬಣ್ಣದ ಅಳತೆ ಪಟ್ಟಿಯೊಂದನ್ನು ಬಡಿದಿದ್ದಾರೆ. ಮೂವತ್ತೊಂದು ವರ್ಷ ದಿನಾ ಬೆಳಿಗ್ಗೆ ಆರಕ್ಕೆ ಅಳತೆಗಾರ ಅಲ್ಲಿಗೆ ಹೋಗಿ, ಪಟ್ಟಿ ನೋಡಿ, ಪುಸ್ತಕದಲ್ಲಿ ಬರೆಯುತ್ತಿದ್ದ. ಒಂಬತ್ತು ತಿಂಗಳೂ ಬರೆಯುತ್ತಿದ್ದದ್ದು ಒಂದೇ ಮಾತು: ನೀರಿಲ್ಲ. ಜ್ವರ ಬಂದರೂ ಹೋಗಿ ನೀರಿಲ್ಲ ಎಂದು ಬರೆದು ಬಂದವನು. ಇಲ್ಲದ ನೀರನ್ನು ಮನೆಯಲ್ಲಿ ಕೂತೇ ಬರೆಯಬಾರದೇ ಎಂದು ಓಣಿಯವರು ನಗುತ್ತಿದ್ದರು. ನಗುತ್ತಲೇ ಅವನನ್ನು ಅಳತೆ ತಾತ ಎಂದು ಕರೆದರು, ಹೊಳೆಯ ವಿಷಯ ಬಂದಾಗೆಲ್ಲ ಅವನ ಮಾತನ್ನೇ ಕೊನೆಯ ಮಾತು ಮಾಡಿದರು.

ಆ ದಿನ ಸಂಜೆ ಮಗ ಕೆಲಸದಿಂದ ಬಂದವನು ಚಪ್ಪಲಿ ಬಿಡದೆ ಗೆರೆಯ ಮುಂದೆ ನಿಂತ. ಅವನು ಲಿಫ್ಟ್ ರಿಪೇರಿ ಮಾಡುವವನು. ಉಗುರಿನ ಸಂದಿನಲ್ಲಿ ಯಾವಾಗಲೂ ಕಪ್ಪು ಗ್ರೀಸು. ಕೈ ತೊಳೆಯದೆಯೇ ಊಟಕ್ಕೆ ಕೂತ.

“ನಾಲ್ಕು ವಾರ ಆದ್ಮೇಲೆ ವಿಚಾರಣೆಯಂತೆ,” ಎಂದ. “ಆಕ್ಷೇಪಣೆ ಇದ್ದೋರು ಬಂದು ಹೇಳ್ಬಹುದು. ನಮ್ಮನೇಲಿ ಹೇಳೋರು ಇದಾರಲ್ಲ. ಅಪ್ಪ, ನೀವೇ ಹೋಗಿ ಹೇಳಿ.”

“ಏನಂತ?”

“ಲೆಕ್ಕ ಸ್ವಲ್ಪ ಆಚೀಚೆ ಆಗಿರ್ಬಹುದು ಅಂತ. ಕತ್ತಲೆ, ಮಳೆ, ಸರಿಯಾಗಿ ಕಾಣಿಸ್ಲಿಲ್ಲ ಅಂತ.”

ಅಳತೆಗಾರ ಬೇಳೆಯನ್ನು ಅನ್ನಕ್ಕೆ ಕಲಸುತ್ತಿದ್ದ. “ಬರೆದದ್ದು ಬರೆದಾಗಿದೆ,” ಎಂದ.

“ಹಾಗಂದ್ರೆ?”

“ದಾಖಲೆ ಅದು.”

ಸೊಸೆ ಮೊಟ್ಟೆಯ ಬಾಣಲೆ ಹಿಡಿದು ನಿಂತಿದ್ದಳು. “ಮಾವ, ನಮಗೆ ಕೊಡೋದು ಊರಾಚೆ ಒಂಬತ್ತನೇ ಮಹಡಿ. ಇಲ್ಲಿ ಸೇತುವೆ ಮೇಲೆ ಹೋಗೋರಿಗೆ ನನ್ನ ಕಿಟಕಿ ಕಾಣುತ್ತೆ, ಇಳಿದು ಬರ್ತಾರೆ. ಅಲ್ಲಿ ಚೈನು ಹಾಕಿಸೋಕೆ, ಪ್ಯಾಂಟು ಗಿಡ್ಡ ಮಾಡಿಸೋಕೆ ಒಂಬತ್ತು ಮಹಡಿ ಹತ್ತಿ ಯಾರು ಬರ್ತಾರೆ?”

“ಲಿಫ್ಟ್ ಇದೆಯಲ್ಲಮ್ಮ,” ಎಂದಳು ಅತ್ತೆ.

“ಆ ಲಿಫ್ಟ್ ನನಗೆ ಗೊತ್ತು,” ಎಂದ ಮಗ. “ಹೋದ ತಿಂಗಳು ಅದರೊಳಗೇ ಮೂರು ಸಲ ಸಿಕ್ಕಿಹಾಕ್ಕೊಂಡಿದ್ದೆ. ರಿಪೇರಿ ಮಾಡೋಕೆ ಹೋಗಿ.”

ಮೊಮ್ಮಗಳು ನಕ್ಕಳು. ಬೇರೆ ಯಾರೂ ನಗಲಿಲ್ಲ. ಸೊಸೆ ಎಲ್ಲರ ತಟ್ಟೆಗೂ ಮೊಟ್ಟೆ ಹಾಕಿ, ಮಾವನ ತಟ್ಟೆಗೂ ಹಾಕಿದಳು; ಆದರೆ ದಿನದ ಹಾಗೆ ಇನ್ನೊಂದು ಬೇಕಾ ಎಂದು ಕೇಳಲಿಲ್ಲ.

ಮೂವತ್ತನಾಲ್ಕು ವರ್ಷದ ಹಿಂದೆ ಆ ದಿನ ಅಳತೆಗಾರ ಸೇತುವೆಯ ಹತ್ತಿರ ಇರಲಿಲ್ಲ. ಮಧ್ಯಾಹ್ನ ಹನ್ನೆರಡರ ಅಳತೆಯನ್ನು ಅವನೇ ನೋಡಿ ಬರೆದಿದ್ದ: ಏಳು ಅಡಿ, ಏರುತ್ತಿದೆ. ಅಲ್ಲಿಂದ ಮುಂದೆ ಗಂಟೆಗೊಮ್ಮೆ ಬರೆಯಬೇಕೆಂದು ನಿಯಮ. ಅಷ್ಟರಲ್ಲಿ ಹೆಂಡತಿಗೆ ನೋವು ಶುರುವಾಗಿ ಆಸ್ಪತ್ರೆಗೆ ಸೇರಿಸಿದ್ದಾರೆಂದು ಸುದ್ದಿ ಬಂತು. ಪುಸ್ತಕ ಮುಚ್ಚಿಟ್ಟು ಹೊರಟ. ಆಸ್ಪತ್ರೆಯ ಗೇಟಿನವರೆಗೆ ಹೋದ. ಎರಡು ವರ್ಷದ ಮೊದಲು ಅದೇ ಆಸ್ಪತ್ರೆಯ ಅದೇ ಬೆಂಚಿನ ಮೇಲೆ ಕೂತಿದ್ದಾಗ ನರ್ಸ್ ಒಬ್ಬಳು ಬಟ್ಟೆಯಲ್ಲಿ ಸುತ್ತಿದ ಮೊದಲನೆಯ ಮಗುವನ್ನು ಅವನ ಕೈಗೆ ಕೊಟ್ಟಿದ್ದಳು. ಅದು ಅಳಲಿಲ್ಲ. ತುಂಬ ಹೊತ್ತು ಹಿಡಿದುಕೊಂಡೇ ಇದ್ದ, ಯಾರಿಗೆ ವಾಪಸು ಕೊಡಬೇಕೆಂದು ತಿಳಿಯದೆ.

ಗೇಟಿನ ಮುಂದೆ ಒಂದು ಬಸ್ಸು ನಿಂತಿತ್ತು. ಅಳತೆಗಾರ ಅದನ್ನು ಹತ್ತಿದ. ಕೊನೆಯ ನಿಲ್ದಾಣದವರೆಗೆ ಹೋದ. ಅದು ನಗರದ ಎತ್ತರದ ಭಾಗ, ಅಲ್ಲಿ ಬರೀ ಮಳೆ, ಹೊಳೆಯಿಲ್ಲ. ಅದೇ ಬಸ್ಸಿನಲ್ಲಿ ವಾಪಸು ಬಂದ. ಮತ್ತೆ ಹೋದ. ರಾತ್ರಿ ಬಸ್ಸುಗಳು ನಿಂತ ಮೇಲೆ ಡಿಪೋದಲ್ಲಿ ಬೆಳಗಾಗುವವರೆಗೆ ಕೂತ. ಆರಕ್ಕೆ ಸೇತುವೆಗೆ ಬಂದಾಗ ನೀರು ಒಂಬತ್ತು ಅಡಿಗೆ ಇಳಿದಿತ್ತು. ಕಂಬದ ಮೇಲೆ ನೀರು ಏರಿದ್ದ ಗುರುತನ್ನು ಮಳೆ ತೊಳೆದುಬಿಟ್ಟಿತ್ತು. ಆ ಹೊತ್ತಿಗೆ ಹೆಂಡತಿಯ ಅಣ್ಣ ದೂರದಿಂದಲೇ ಕೂಗುತ್ತ ಬಂದ, ಗಂಡು, ಇಬ್ಬರೂ ಚೆನ್ನಾಗಿದ್ದಾರೆ ಎಂದು. ಹತ್ತಿರ ಬಂದು, ನೆನೆದು ತೊಪ್ಪೆಯಾಗಿದ್ದ ಅವನನ್ನು ನೋಡಿ, “ಇಡೀ ರಾತ್ರಿ ಇಲ್ಲೇ ನಿಂತಿದ್ಯಾ?” ಎಂದ. ಅಳತೆಗಾರ ಇಲ್ಲ ಎನ್ನಲಿಲ್ಲ.

ಆಮೇಲೆ ಸೇತುವೆ ಪಕ್ಕದ ಅಳತೆ ಕೋಣೆಯಲ್ಲಿ ಕೂತು ಹದಿನೇಳು ಸಾಲು ತುಂಬಿದ. ಹೊಳೆ ಹೇಗೆ ಏರುತ್ತದೆ, ಹೇಗೆ ಇಳಿಯುತ್ತದೆ ಎಂದು ಅವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಮೊದಲು ಬೇಗ ಏರಿಸಿದ, ನಡುವೆ ಒಂದು ಗಂಟೆ ನಿಲ್ಲಿಸಿದ, ರಾತ್ರಿ ಮೂರು ಗಂಟೆಗೆ ಹದಿನಾಲ್ಕಕ್ಕೆ ಮುಟ್ಟಿಸಿ, ಒಂಬತ್ತರ ಕಡೆಗೆ ಬೇಗ ಇಳಿಸಿದ. ಮೇಲ್ಗಡೆಯ ಇನ್ನೊಂದು ಅಳತೆ ಪಟ್ಟಿಯನ್ನು ಆ ನೀರೇ ಕೊಚ್ಚಿಕೊಂಡು ಹೋಗಿತ್ತು. ಹಾಗಾಗಿ ಇಡೀ ನಗರದಲ್ಲಿ ಆ ದಿನದ ಹೊಳೆಯ ಬಗ್ಗೆ ಉಳಿದದ್ದು ಆ ಒಂದು ಹಾಳೆ.

ಎರಡನೆಯ ವಾರ ಸಲೂನಿನವನು ಓಣಿಯವರ ಸಹಿ ಹಾಕಿಸಿಕೊಳ್ಳುತ್ತ ಬಂದ. ಕಿವಿಯ ಮೇಲೆ ಪೆನ್ನು ಸಿಕ್ಕಿಸಿಕೊಂಡಿದ್ದ, ಅಂಗಡಿಯಲ್ಲಿ ಬಾಚಣಿಗೆ ಸಿಕ್ಕಿಸಿಕೊಳ್ಳುವ ಹಾಗೆ.

“ಅಣ್ಣ, ಇಪ್ಪತ್ತು ವರ್ಷದಿಂದ ನಿಮ್ಮ ತಲೆ ನನ್ನ ಕೈಯಲ್ಲಿದೆ,” ಎಂದ. “ಒಂದಿನ ಆದ್ರೂ ಕತ್ತರಿ ತಾಗಿಸಿದೀನಾ? ಈಗ ನನ್ನ ತಲೆ ನಿಮ್ಮ ಕೈಯಲ್ಲಿದೆ.”

“ನನ್ನ ಕೈಯಲ್ಲಿ ಏನೂ ಇಲ್ಲಪ್ಪ.”

“ಇದೆ ಅಣ್ಣ. ನೀವು ಹೊಳೆ ವಿಷಯದಲ್ಲಿ ಸುಳ್ಳು ಹೇಳಲ್ಲ ಅಂತ ಕಚೇರಿಯವರಿಗೂ ಗೊತ್ತು. ನೀವು ಒಂದು ಮಾತು, ಅಷ್ಟು ಬಂದಿರ್ಲಿಕ್ಕಿಲ್ಲ ಅಂದ್ರೆ ಸಾಕು. ಬಾಯಿಗೆ ಬೀಗ ಹಾಕ್ಕೊಂಡು ಕೂತ್ರೆ ನಾವು ಯಾವ ಬಾಗಿಲು ತಟ್ಟೋಣ?”

ಅಳತೆಗಾರ ಸಹಿ ಹಾಕಿದ. ಮೂವತ್ತೊಂದು ಸಹಿಗಳಲ್ಲಿ ಒಂದಾಗಿ ಹಾಕಿದ. ಹೇಳುತ್ತೇನೆ ಎಂದು ಮಾತ್ರ ಅನ್ನಲಿಲ್ಲ. ಸಲೂನಿನವನು ಕಾಗದ ಮಡಚಿಕೊಂಡು ಹೋದ. ಮುಂದಿನ ಭಾನುವಾರ ಅಳತೆಗಾರ ಕ್ಷೌರಕ್ಕೆ ಹೋದಾಗ ಸಲೂನಿನವನು ತಾನು ಮಾಡದೆ ಕೆಲಸದವನಿಗೆ ಕಣ್ಣು ಸನ್ನೆ ಮಾಡಿದ.

ಮನೆಯಲ್ಲಿ ಸೊಸೆ ಮಾತು ಕಡಿಮೆ ಮಾಡಿದಳು. ಊಟಕ್ಕೆ ಬನ್ನಿ ಎನ್ನುವುದರ ಬದಲು ಮಗಳ ಕೈಯಲ್ಲಿ ಹೇಳಿಸಿದಳು. ಚಹಾ ಬರುತ್ತಿತ್ತು, ಬಿಸಿಯಾಗಿಯೇ ಬರುತ್ತಿತ್ತು, ಆದರೆ ಕಿಟಕಿಯ ಕಟ್ಟೆಯ ಮೇಲೆ ಇಟ್ಟು ಹೋಗುತ್ತಿದ್ದಳು. ಅವನ ಅಂಗಿಯ ಗುಂಡಿ ಕಿತ್ತುಹೋಗಿತ್ತು. ಅಂಗಿಯನ್ನು ಯಂತ್ರದ ಪಕ್ಕ ಇಟ್ಟ. ಮೂರು ದಿನ ಅದು ಅಲ್ಲೇ ಇತ್ತು. ನಾಲ್ಕನೆಯ ದಿನ ಗುಂಡಿ ಹೊಲಿದು, ಇಸ್ತ್ರಿ ಮಾಡಿ, ಅವನ ಹಾಸಿಗೆಯ ಮೇಲಿಟ್ಟಿದ್ದಳು.

ಹೆಂಡತಿ ಮಾತ್ರ ಹಳೆಯ ಮಾತನ್ನೇ ತೆಗೆದಳು. ಆ ಮಾತು ಮನೆಯ ಪಾತ್ರೆಯಷ್ಟು ಹಳೆಯದು. ವರ್ಷಕ್ಕೆ ನಾಲ್ಕೈದು ಸಲ ಹೊರಗೆ ಬರುತ್ತಿತ್ತು.

“ಇವರ ಹತ್ರ ಏನು ಕೇಳ್ತೀರಾ,” ಎಂದಳು, ಅಕ್ಕಿಯಲ್ಲಿ ಕಲ್ಲು ಆರಿಸುತ್ತ. “ನಾನು ಅಲ್ಲಿ ಜೀವ ಹಿಡ್ಕೊಂಡು ಹೆರ್ತಾ ಇದ್ರೆ ಇವರು ಇಲ್ಲಿ ಹೊಳೆಗೆ ಬಾಣಂತನ ಮಾಡ್ತಾ ಇದ್ರು. ಹೆಂಡ್ತಿಗಿಂತ ಹೊಳೆ ಹೆಚ್ಚು ಅಂದೋರಿಗೆ ಮನೆ ಯಾವ ಲೆಕ್ಕ?”

“ಅಜ್ಜಿ, ಅದು ತಾತನ ಡ್ಯೂಟಿ ಅಲ್ವಾ,” ಎಂದಳು ಮೊಮ್ಮಗಳು.

“ಹೂಂ. ಡ್ಯೂಟಿ. ಮೊದಲನೇದು ಹೋದ್ಮೇಲೆ ನನಗೆ ಎಷ್ಟು ಭಯ ಇತ್ತು ಅಂತ ಗೊತ್ತಾ ನಿನಗೆ? ಬಾಗಿಲು ಸದ್ದಾದಾಗೆಲ್ಲ ಇವರು ಬಂದ್ರು ಅಂತ ತಲೆ ಎತ್ತುತಿದ್ದೆ. ಪ್ರತಿ ಸಲನೂ ಆಯಾ.”

ಅಳತೆಗಾರ ಎದ್ದು ಹೊರಗೆ ಹೋದ. ಹಿಂದಿನಿಂದ ಮಗನ ಮಾತು ಕೇಳಿಸಿತು. “ಬಿಡಮ್ಮ. ನಮ್ಮಪ್ಪ ಸತ್ಯವಂತರು. ಸತ್ಯಕ್ಕೋಸ್ಕರ ಹೆಂಡ್ತಿ ಮಕ್ಕಳನ್ನ ಬೀದಿಗೆ ಹಾಕೋರ ಮನೇಲಿ ಹುಟ್ಟಿದೀನಿ, ಏನು ಮಾಡ್ಲಿ.”

ಮೂರನೆಯ ವಾರ ನದಿ ಕಚೇರಿಯ ಇಂಜಿನಿಯರ್ ಮನೆಗೇ ಬಂದಳು. ಚಿಕ್ಕ ವಯಸ್ಸಿನ ಹುಡುಗಿ, ಕೆಸರು ಹತ್ತಿದ ಬೂಟು. ಬೂಟನ್ನು ಹೊರಗೆ ಬಿಚ್ಚಿ, ಕಾಲುಚೀಲದ ತೂತನ್ನು ಇನ್ನೊಂದು ಪಾದದಿಂದ ಮುಚ್ಚಿಕೊಂಡು ನಿಂತಳು. ಸೊಸೆ ಕುರ್ಚಿ ತೋರಿಸಲಿಲ್ಲ, ಅಜ್ಜಿ ತೋರಿಸಿದಳು.

“ಸರ್, ನಿಮ್ಮನ್ನ ಒಂದು ಸಲ ನೋಡ್ಬೇಕು ಅಂತಿತ್ತು,” ಎಂದಳು. “ನಿಮಗೆ ಇದರಿಂದ ಎಷ್ಟು ತೊಂದರೆ ಆಗಿದೆ ಅಂತ ಗೊತ್ತು. ಆದ್ರೂ.”

ಚೀಲದಿಂದ ಒಂದು ಹಾಳೆ ತೆಗೆದಳು. ಹಳೆಯ ಪುಸ್ತಕದ ಆ ಪುಟದ ನಕಲು. ಸಾಲುಗಳ ಮೇಲೆಲ್ಲ ನೀರಿನ ಹನಿ ಬಿದ್ದು ಶಾಯಿ ಹರಡಿತ್ತು. ಮೂರು ಗಂಟೆಯ ಸಾಲಿನಲ್ಲಿ ಹದಿನಾಲ್ಕರ ಬಾಲ ಕೆಳಗಿನ ಸಾಲಿನವರೆಗೆ ಕದಡಿಹೋಗಿತ್ತು.

“ಬೇರೆ ಪುಸ್ತಕಗಳಲ್ಲಿ ನೋಡಿದೀನಿ ಸರ್. ಒಂದೇ ಕೈ, ಒಂದೇ ಶಾಯಿ, ಎಲ್ಲಾ ಮನೇಲಿ ಕೂತು ಬರೆದಿದ್ದು ಅಂತ ನೋಡಿದ್ರೇ ಗೊತ್ತಾಗುತ್ತೆ. ಇದು ಹಾಗಲ್ಲ. ಇಲ್ಲಿ ಮಳೆ ಕಾಣ್ತಾ ಇದೆ. ಹೊಸಬರಿಗೆ ತರಬೇತಿ ಕೊಡುವಾಗ ನಾನು ಇದನ್ನೇ ತೋರಿಸೋದು.”

ಮೊಮ್ಮಗಳು ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಓದಿದಳು. “ಹನ್ನೊಂದು ಗಂಟೆ, ಹನ್ನೆರಡೂವರೆ ಅಡಿ. ಹನ್ನೆರಡು ಗಂಟೆ, ಹನ್ನೆರಡೂವರೆ. ತಾತ, ಇಲ್ಲಿ ಹೊಳೆ ಸ್ವಲ್ಪ ಹೊತ್ತು ನಿಂತುಬಿಟ್ಟಿದೆ.”

“ಹೂಂ.”

“ಮೂರು ಗಂಟೆಗೂ ಎಚ್ಚರ ಇದ್ರಾ? ನಿದ್ದೆ ಬರ್ಲಿಲ್ವಾ?”

“ಬರಲಿಲ್ಲ,” ಎಂದ ಅಳತೆಗಾರ. ಅದು ನಿಜವಾಗಿತ್ತು.

ಇಂಜಿನಿಯರ್ ಹೋದ ಮೇಲೆ ಸೊಸೆ ಅವಳು ಕುಡಿದ ಚಹಾ ಲೋಟವನ್ನು ಎರಡು ಸಲ ತಿಕ್ಕಿ ತೊಳೆದಳು. “ತರಬೇತಿಯಂತೆ,” ಎಂದಳು ನಲ್ಲಿಗೆ ಹೇಳುವಂತೆ. “ನಮ್ಮ ಮನೆ ಕೆಡವಿ ಪಾಠ ಮಾಡ್ತಾರಂತೆ.” ಮೊಮ್ಮಗಳು ಮಾತ್ರ ಆ ನಕಲನ್ನು ತನ್ನ ಪುಸ್ತಕದ ನಡುವೆ ಇಟ್ಟುಕೊಂಡಿದ್ದಳು. ಮರುದಿನ ಶಾಲೆಗೆ ಒಯ್ದಳು.

ವಿಚಾರಣೆಗೆ ಎರಡು ದಿನವಿದ್ದಾಗ ಮಗ ರಜೆ ಹಾಕಿ, “ಅಪ್ಪ, ಬನ್ನಿ ನನ್ನ ಜೊತೆ,” ಎಂದ. ಇಬ್ಬರೂ ಓಣಿ ಇಳಿದು ಒಣ ಹೊಳೆಗೆ ನಡೆದರು. ಆಸ್ಪತ್ರೆಯ ಹಾಸುಬಟ್ಟೆಗಳು ಸಾಲಾಗಿ ಒಣಗುತ್ತಿದ್ದವು. ಒಬ್ಬ ಹೆಂಗಸು ಸ್ಕೂಟರ್ ಕಲಿಯುತ್ತಿದ್ದಳು. ಅವಳ ಗಂಡ ಹಿಂದೆ ಓಡುತ್ತ ಬ್ರೇಕು, ಬ್ರೇಕು ಎನ್ನುತ್ತಿದ್ದ. ಸೇತುವೆಯ ಕೆಳಗೆ ತಣ್ಣಗಿತ್ತು. ಮಗ ಕಿಸೆಯಿಂದ ಮಟ್ಟ ನೋಡುವ ಪುಟ್ಟ ಸಲಕರಣೆ ತೆಗೆದು ಅಳತೆ ಪಟ್ಟಿಗೆ ಆನಿಸಿದ. ಲಿಫ್ಟಿನ ಹಳಿ ನೆಟ್ಟಗಿದೆಯೇ ಎಂದು ಅವನು ದಿನಾ ನೋಡುವುದು ಅದರಲ್ಲೇ. ಗಾಜಿನೊಳಗಿನ ಗುಳ್ಳೆ ಸರಿಯಾಗಿ ನಡುವೆ ನಿಂತಿತು. ಇನ್ನೊಂದು ಕಡೆ ಆನಿಸಿದ. ಅಲ್ಲಿಯೂ ನಡುವೆ.

“ಆಗ ವಾಲಿತ್ತೋ ಏನೋ,” ಎಂದ. “ಆಮೇಲೆ ರಿಪೇರಿ ಮಾಡಿರ್ಬಹುದು.”

“ಇಲ್ಲ.”

“ವಾಲಿತ್ತು ಅಂತ ಹೇಳಿ ಅಪ್ಪ. ಯಾರಿಗೆ ಗೊತ್ತಾಗುತ್ತೆ? ಒಂದು ಸುಳ್ಳು. ಇಷ್ಟು ವರ್ಷದಲ್ಲಿ ಒಂದು.”

ಅಳತೆಗಾರ ಪಟ್ಟಿಯ ಮೇಲೆ ಕೈಯಿಟ್ಟು ನಿಂತ. ಅಂಕಿಗಳನ್ನು ಕೆಳಗಿನಿಂದ ಮೇಲಕ್ಕೆ ನೋಡಿದ. ಹದಿನಾಲ್ಕು ಅವರಿಬ್ಬರ ತಲೆಯ ಮೇಲೆ, ಮಗ ಕೈ ಎತ್ತಿದರೂ ಸಿಗದಷ್ಟು ಎತ್ತರದಲ್ಲಿತ್ತು. “ಅವತ್ತು ನಾನು,” ಎಂದ.

ಮಗ ಕಾದ. ಆಮೇಲೆ ತಾನೇ ಮಾತಾಡಿದ. ಸಿಟ್ಟು ಇಳಿದು ದಣಿದವನಂತೆ ಮಾತಾಡಿದ.

“ಅವತ್ತು ನೀವು ಇಲ್ಲಿ ನಿಂತಿದ್ರಿ. ಗೊತ್ತು. ಶಾಲೇಲಿ ಎಲ್ಲರಿಗೂ ಅದನ್ನೇ ಹೇಳ್ಕೊಂಡು ತಿರುಗ್ತಿದ್ದೆ. ನಾನು ಹುಟ್ಟಿದ ದಿನ ನಮ್ಮಪ್ಪ ಹೊಳೆ ಮುಂದೆ ಒಬ್ಬರೇ ನಿಂತಿದ್ರು ಅಂತ. ಬೇರೆ ಹುಡುಗರ ಹತ್ರ ಸೈಕಲ್ ಇತ್ತು, ಶೂ ಇತ್ತು. ನನ್ನ ಹತ್ರ ಅದೊಂದಿತ್ತು. ಈಗ ಅದೇ ನಮ್ಮ ಕೊರಳಿಗೆ ಬಂದಿದೆ ನೋಡಿ.”

ಹಾಸುಬಟ್ಟೆಗಳಲ್ಲಿ ಗಾಳಿ ತುಂಬಿ ಬಿಟ್ಟಿತು. ಅಳತೆಗಾರ ಪಟ್ಟಿಯಿಂದ ಕೈ ತೆಗೆದ.

“ಪಟ್ಟಿ ವಾಲಿರಲಿಲ್ಲ,” ಎಂದ.

ಮಗ ಸಲಕರಣೆಯನ್ನು ಕಿಸೆಗೆ ಹಾಕಿಕೊಂಡು ಮುಂದೆ ನಡೆದ. ಮನೆ ತಲುಪುವವರೆಗೆ ಇಬ್ಬರ ನಡುವೆ ಹತ್ತು ಹೆಜ್ಜೆಯ ಅಂತರವಿತ್ತು. ಮೊದಲೆಲ್ಲ ಮಗ ನಿಧಾನಿಸುತ್ತಿದ್ದ, ಅಂದು ನಿಧಾನಿಸಲಿಲ್ಲ.

ವಿಚಾರಣೆ ಕಚೇರಿಯ ಎರಡನೆಯ ಮಹಡಿಯ ಸಭಾಂಗಣದಲ್ಲಿ ನಡೆಯಿತು. ಕುರ್ಚಿ ಸಾಲದೆ ಓಣಿಯ ಅರ್ಧ ಜನ ಗೋಡೆಗೆ ಒರಗಿ ನಿಂತರು. ಎದುರಿನ ಪರದೆಯ ಮೇಲೆ ಆ ಪುಟವನ್ನು ಬಾಗಿಲಿನಷ್ಟು ದೊಡ್ಡದು ಮಾಡಿ ಹಾಕಿದ್ದರು. ಒಂದೊಂದು ಹನಿಯೂ ತಟ್ಟೆಯಷ್ಟು ಅಗಲವಾಗಿತ್ತು.

ಸಲೂನಿನವನು ಎದ್ದು, ಇಪ್ಪತ್ತು ವರ್ಷದಲ್ಲಿ ಹೊಳೆ ತನ್ನ ಹೊಸ್ತಿಲು ಮುಟ್ಟಿಲ್ಲವೆಂದ. ಮೂವತ್ತನಾಲ್ಕು ವರ್ಷದ ಹಿಂದೆ ನಿಮ್ಮ ಹೊಸ್ತಿಲೇ ಇರಲಿಲ್ಲವಲ್ಲ ಎಂದ ಅಧಿಕಾರಿ. ಅದು ನಿಜ, ಆಗ ಓಣಿಯೇ ಇರಲಿಲ್ಲ, ಬರೀ ಮುಳ್ಳು ಪೊದೆ. ಮಗ ಎದ್ದು ಪಟ್ಟಿಯ ವಿಷಯ ಹೇಳಿದ. ಇಂಜಿನಿಯರ್ ಹುಡುಗಿ ತಲೆ ತಗ್ಗಿಸಿಕೊಂಡೇ, ಪಟ್ಟಿಯನ್ನು ಪರೀಕ್ಷಿಸಿದ್ದೇವೆ, ನೆಟ್ಟಗಿದೆ ಎಂದಳು. ಮಗ ಕೂತ. ಅಧಿಕಾರಿ ಅಳತೆಗಾರನನ್ನು ಮುಂದೆ ಕರೆಸಿ, ಕೂರಿಸಿ, ಒಂದು ಲೋಟ ನೀರು ತರಿಸಿದ.

“ಈ ಅಕ್ಷರ ನಿಮ್ಮದೇನಾ?”

“ನನ್ನದೇ.”

“ಬೇರೆ ಯಾರೂ ತಿದ್ದಿಲ್ಲ ತಾನೇ?”

“ಇಲ್ಲ.”

“ಇದರ ಬಗ್ಗೆ ನೀವು ಏನಾದ್ರೂ ಹೇಳೋದಿದೆಯಾ?”

ಅಳತೆಗಾರ ಪರದೆ ನೋಡಿದ. ಹದಿನೇಳು ಸಾಲು. ಏರಿದ್ದು, ನಿಂತದ್ದು, ಇಳಿದದ್ದು. ಚೆನ್ನಾಗಿ ಬರೆದಿದ್ದೆ ಎನ್ನಿಸಿತು. ಅಷ್ಟು ಬಿಟ್ಟರೆ ಏನೂ ಅನ್ನಿಸಲಿಲ್ಲ. ಎರಡನೆಯ ಸಾಲಿನಲ್ಲಿ ಸೊಸೆ ಮಡಿಲಲ್ಲಿ ಚೀಲವನ್ನು ಹಿಡಿದು ಕೂತಿದ್ದಳು. ಅವಳ ಪಕ್ಕದಲ್ಲಿ ಹೆಂಡತಿ ಪರದೆಯನ್ನೇ ನೋಡುತ್ತಿದ್ದಳು. ಅವಳು ಆ ಪುಟವನ್ನು ಇಷ್ಟು ದೊಡ್ಡದಾಗಿ ನೋಡಿದ್ದು ಅದೇ ಮೊದಲು.

ಸೇತುವೆಯ ಹತ್ತಿರ ಇದ್ದಿರಾ ಎಂದು ಯಾರೂ ಕೇಳಲಿಲ್ಲ.

“ಇಲ್ಲ,” ಎಂದ ಅಳತೆಗಾರ. ಅರ್ಧ ಲೋಟ ನೀರು ಕುಡಿದು ಎದ್ದು ಬಂದ.

ಮೆಟ್ಟಿಲಿಳಿಯುವಾಗ ಸೊಸೆ ಹಿಂದಿನಿಂದ ಹೇಳಿದಳು, ನಾಲ್ಕು ವಾರದಲ್ಲಿ ಮೊದಲ ಬಾರಿ ನೇರವಾಗಿ ಅವನಿಗೆ. “ಬಾಯಿ ತೆಗೆದ್ರೆ ಏನು ಕಳ್ಕೋತಿದ್ರಿ ಮಾವ?” ಅವಳ ದನಿಯಲ್ಲಿ ಜಗಳವಿರಲಿಲ್ಲ. ತಿಳಿದುಕೊಳ್ಳಲು ಕೇಳಿದಂತಿತ್ತು. ಅಳತೆಗಾರ ಪಕ್ಕದ ಕಂಬಿ ಹಿಡಿದು ಇನ್ನೊಂದು ಮೆಟ್ಟಿಲು ಇಳಿದ.

ಆದೇಶ ಹತ್ತು ದಿನದಲ್ಲಿ ಬಂತು. ಸಾಮಾನು ಕಟ್ಟುವ ಕೆಲಸ ಶುರುವಾಯಿತು. ಪಾತ್ರೆಗಳನ್ನು ಹಳೆಯ ಕಾಗದದಲ್ಲಿ ಸುತ್ತಿದರು. ಬಾಗಿಲಿನಲ್ಲಿ ಹಾಯದೆ ಬೀರುವಿನ ಕಾಲು ಬಿಚ್ಚಿದರು. ಹೊಲಿಗೆ ಯಂತ್ರವನ್ನು ಕೊನೆಯವರೆಗೂ ಕಟ್ಟಲು ಸೊಸೆ ಬಿಡಲಿಲ್ಲ; ಒಪ್ಪಿಕೊಂಡ ಬಟ್ಟೆಗಳೆಲ್ಲ ಮುಗಿಯಬೇಕಿತ್ತು. ಬಟ್ಟೆ ಒಯ್ಯಲು ಬಂದವರಿಗೆ ಹೊಸ ವಿಳಾಸದ ಚೀಟಿ ಕೊಟ್ಟಳು. ಅವರು ಒಂಬತ್ತನೇ ಮಹಡಿ ಎಂದು ಗಟ್ಟಿಯಾಗಿ ಓದಿ, ಮಡಚಿ ಇಟ್ಟುಕೊಂಡರು. ಸಲೂನಿನವನು ಕುರ್ಚಿ, ಕನ್ನಡಿಗಳನ್ನು ತಳ್ಳುಗಾಡಿಯ ಮೇಲೆ ಹೇರಿಕೊಂಡು ಅವರ ಮನೆಯ ಮುಂದೆ ಹಾದು ಹೋದ. ಕನ್ನಡಿಯಲ್ಲಿ ಅಳತೆಗಾರ ತನ್ನನ್ನು ಒಮ್ಮೆ ಕಂಡ.

ಆ ವಾರವೇ ಹೊಳೆ ಬಂತು. ಮೂರು ಅಡಿ, ಅದಕ್ಕಿಂತ ಹೆಚ್ಚಿಲ್ಲ. ಹಾಸುಬಟ್ಟೆಯವರು ದಡಕ್ಕೆ ಬಂದರು. ಈಗ ಅಳತೆಯನ್ನು ಕಂಬಕ್ಕೆ ಹಾಕಿದ ಯಂತ್ರದ ಪೆಟ್ಟಿಗೆಯೇ ನೋಡಿ ಕಚೇರಿಗೆ ಕಳಿಸುತ್ತದೆ.

ಕೊನೆಯ ದಿನ ಮಧ್ಯಾಹ್ನ ಮಗ, ಸೊಸೆ, ಮೊಮ್ಮಗಳು ಲಾರಿಯ ಜೊತೆ ಹೋದರು. ಉಳಿದದ್ದಕ್ಕೆ ಇನ್ನೊಂದು ಸಲ ಬರಬೇಕು. ಅಲ್ಲಿಯವರೆಗೆ ನೀವಿಬ್ಬರೂ ಇರಿ ಎಂದರು. ಮನೆ ಖಾಲಿಯಾಗಿ ಮಾತಾಡಿದರೆ ಮೊಳಗುತ್ತಿತ್ತು. ಹೆಂಡತಿ ಸಣ್ಣ ಒಲೆಯ ಮೇಲೆ ಚಹಾ ಕಾಯಿಸಿದಳು. ಕಟ್ಟದೆ ಉಳಿದದ್ದು ಒಂದೇ ಲೋಟ. ಅದರಲ್ಲಿ ತಾನು ಅರ್ಧ ಕುಡಿದು ಅವನಿಗೆ ಕೊಟ್ಟಳು.

“ರೀ,” ಎಂದಳು. “ಒಂದು ಮಾತು.”

“ಏನು?”

“ಅವತ್ತು ಕಚೇರೀಲಿ ಆ ಹಾಳೆ ಹಾಕಿದ್ರಲ್ಲ. ನನಗೆ ಓದು ಅಷ್ಟಾಗಿ ಬರಲ್ಲ. ಅಂಕಿ ನೋಡ್ಲಿಲ್ಲ ನಾನು. ಹನಿ ನೋಡ್ತಾ ಇದ್ದೆ. ಎಷ್ಟೊಂದು ಹನಿ.” ಅವಳು ಬರಿಗೋಡೆಗೆ ಒರಗಿ ಕೂತಳು. “ಮೂವತ್ತನಾಲ್ಕು ವರ್ಷ ನಿಮಗೆ ಅಂದಿದೀನಿ. ಮಗನ ಮುಂದೆ ಅಂದೆ, ಸೊಸೆ ಮುಂದೆ ಅಂದೆ. ನಾನು ಒಳಗೆ ಬೆಚ್ಚಗೆ ಮಲಗಿದ್ದೆ. ನಾಲ್ಕು ಜನ ಸುತ್ತ ಇದ್ರು. ನೀವು ಆ ಮಳೇಲಿ ಒಬ್ಬರೇ ನಿಂತು ಬರೀತಾ ಇದ್ರಿ. ನನಗೆ ಯಾಕೋ ಅದು ಯಾವತ್ತೂ ಕಣ್ಣಿಗೆ ಬಂದಿರ್ಲಿಲ್ಲ. ಇನ್ಮೇಲೆ ಆ ಮಾತು ಎತ್ತಲ್ಲ.”

ಹೊರಗೆ ಹೊಳೆಯ ಸದ್ದಿತ್ತು. ಗೋಡೆಯ ಮೇಲಿನ ಕೆಂಪು ಗೆರೆ ಒಣಗಿ ಒಂದು ಕಡೆ ಚಕ್ಕೆ ಏಳುತ್ತಿತ್ತು.

“ಚಹಾ ಆರ್ತಾ ಇದೆ,” ಎಂದಳು.

ಅಳತೆಗಾರ ಉಳಿದ ಚಹಾ ಕುಡಿದ. ಹಾಳೆಯ ಮೇಲಿನ ಆ ಹನಿಗಳು ಮಳೆಯವಲ್ಲ, ಆ ಬೆಳಿಗ್ಗೆ ಅಳತೆ ಕೋಣೆಯಲ್ಲಿ ಕೂತು ನೀರಿನ ಲೋಟದಲ್ಲಿ ಬೆರಳದ್ದಿ ತಾನೇ ಚಿಮುಕಿಸಿದ್ದು ಎಂದು ಅವನು ಅವಳಿಗೆ ಹೇಳಲಿಲ್ಲ.